ಗ್ಯೂಸಿಂಗ್‌ನ ಕೀರ್ತಿ, ಹಸಿ ಸೌದೆಯ ಲೆಕ್ಕ

ಕಾಡಿನ ಮರದಿಂದ ಮನೆ, ಶಾಲೆ, ಆಸ್ಪತ್ರೆಗಳನ್ನು ಬೆಚ್ಚಗಿಟ್ಟುಕೊಂಡು ಒಂದು ಸೀಮೆ ತನ್ನ ಕಾಲ ಮೇಲೆ ನಿಲ್ಲಬಹುದೇ ಎಂಬ ಚರ್ಚೆ ಎಲ್ಲಿ ಎದ್ದರೂ ಆಸ್ಟ್ರಿಯಾದ ಗ್ಯೂಸಿಂಗ್ ಊರಿನ ಹೆಸರು ಬಂದೇ ಬರುತ್ತದೆ. ಹಂಗೆರಿಯ ಗಡಿಯಂಚಿನ ಬುರ್ಗೆನ್‌ಲ್ಯಾಂಡ್ ಪ್ರಾಂತ್ಯದಲ್ಲಿ ಸುಮಾರು ನಾಲ್ಕು ಸಾವಿರ ಜನರಿರುವ ಊರು. 1990ರ ಹೊತ್ತಿಗೆ ಅಲ್ಲಿ ರೈಲಿರಲಿಲ್ಲ, ಹೆದ್ದಾರಿಯಿರಲಿಲ್ಲ, ದುಡಿಯುವವರಲ್ಲಿ ಹೆಚ್ಚಿನವರು ವಾರವಿಡೀ ವಿಯೆನ್ನಾದಂಥ ಕಡೆ ಇರುತ್ತಿದ್ದರು. 1990ರಲ್ಲಿ ಪುರಸಭೆ ಎಣ್ಣೆ, ಕಲ್ಲಿದ್ದಲುಗಳನ್ನು ಬಿಡುವ ನಿರ್ಣಯ ಮಾಡಿದ್ದು, 1992ರಲ್ಲಿ ಮೇಯರ್ ಆದ ಪೀಟರ್ ವಡಾಸ್ ಮತ್ತು ಎಂಜಿನಿಯರ್ ರೈನ್‌ಹಾರ್ಡ್ ಕೋಖ್ ಅದನ್ನು ಹೆಗಲಿಗೇರಿಸಿಕೊಂಡಿದ್ದು, ಪ್ರವಾಸಿಗಳ ಬಸ್ಸುಗಳು ಸಾಲುಗಟ್ಟಿದ್ದು, 2012ರಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಬಂದು ಲೋಕವೆಲ್ಲ ಗ್ಯೂಸಿಂಗ್ ಆಗಲಿ ಎಂದು ಹರಸಿದ್ದು ಈ ವಿಷಯ ಓದುವವರಿಗೆಲ್ಲ ಗೊತ್ತಿರುವುದೇ. ಮರುವರ್ಷ, 2013ರಲ್ಲಿ, ಊರಿನ ಹೆಮ್ಮೆಯಾದ, ಮರವನ್ನು ಅನಿಲವಾಗಿಸುವ ಗ್ಯಾಸಿಫೈಯರ್ ನಡೆಸುತ್ತಿದ್ದ ಕಂಪನಿ ದಿವಾಳಿಯಾಯಿತು. 2016ರಲ್ಲಿ ಸ್ಥಾವರವೇ ನಿಂತಿತು.

ಈ ಕಥೆಯನ್ನು ಹೊಗಳಿದವರೂ ತೆಗಳಿದವರೂ ಒಂದೇ ತಪ್ಪು ಮಾಡಿದ್ದಾರೆ ಎಂಬುದು ನನ್ನ ವಾದ. ಇಬ್ಬರ ಕಣ್ಣೂ ಆ ಗ್ಯಾಸಿಫೈಯರಿನ ಗೋಪುರದ ಮೇಲಿತ್ತು. ಹೊಗಳಿದವರು ಗೋಪುರಕ್ಕೆ ಹಾರ ಹಾಕಿದರು. ಅದು ನಿಂತಾಗ ಟೀಕಾಕಾರರು ಮರದ ಶಾಖದ ಕಲ್ಪನೆಗೇ ಮಣ್ಣು ಹಾಕಿದರು. ಅದೇ ದೇಶದಲ್ಲಿ, ಅದೇ ದಶಕಗಳಲ್ಲಿ, ಯಾರ ಕ್ಯಾಮೆರಾಗೂ ಬೀಳದೆ ಬೆಳೆದ ನಿಜವಾದ ಮಾರುಕಟ್ಟೆಯನ್ನು ಇಬ್ಬರೂ ನೋಡಲಿಲ್ಲ.

ಗೋಪುರದ ಬಗ್ಗೆ ನನಗೆ ಅಗೌರವವಿಲ್ಲ. ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದ ಹೆರ್ಮನ್ ಹೋಫ್‌ಬೌವರ್ ತಂಡ ರೂಪಿಸಿದ ಯಂತ್ರ ಅದು. ಎರಡು ಕೋಣೆಗಳ ನಡುವೆ ಕಾದ ಮರಳಿನಂಥ ಹರಳು ಸುತ್ತುತ್ತಿರುತ್ತದೆ. ಒಂದು ಕೋಣೆಯಲ್ಲಿ ಸುಮಾರು 850 ಡಿಗ್ರಿ ಶಾಖದಲ್ಲಿ ಹಬೆ ತಾಗಿ ಮರದ ಚೂರು ಅನಿಲವಾಗುತ್ತದೆ. ಉಳಿದ ಇದ್ದಿಲು ಇನ್ನೊಂದರಲ್ಲಿ ಉರಿದು ಹರಳನ್ನು ಮತ್ತೆ ಕಾಯಿಸುತ್ತದೆ. ಹಾಗಾಗಿ ಅನಿಲಕ್ಕೆ ಗಾಳಿಯ ನೈಟ್ರೋಜನ್ ಸೇರುವುದಿಲ್ಲ. ಡಾಂಬರನ್ನು ತೊಳೆಯಲು ಬಯೋಡೀಸೆಲ್ ಬಳಸಿದರು. 8 ಮೆಗಾವ್ಯಾಟ್‌ನಷ್ಟು ಮರ ಒಳಗೆ ಹೋದರೆ 2 ಮೆಗಾವ್ಯಾಟ್ ವಿದ್ಯುತ್ತು, ನಾಲ್ಕೂವರೆ ಮೆಗಾವ್ಯಾಟ್ ಶಾಖ ಹೊರಗೆ. ಸಂಶೋಧನೆಯಾಗಿ ಇದು ಮೊದಲ ದರ್ಜೆಯದು. ಒಂದು ಬಡ ಸೀಮೆಯ ಆರ್ಥಿಕತೆಗೆ ಆಧಾರಸ್ತಂಭವಾಗಿ ಇದು ದುರ್ಬಲ. ಕಾರಣ ಯಂತ್ರದಲ್ಲಿಲ್ಲ, ಅದರ ವ್ಯಾಪಾರದ ಕರಾರಿನಲ್ಲಿದೆ. ಸ್ಥಾವರ ಬದುಕಿದ್ದು ಸರ್ಕಾರ ಗೊತ್ತುಪಡಿಸಿದ ಹಸಿರು ವಿದ್ಯುತ್ ದರದ ಮೇಲೆ. ಆ ದರ ವರ್ಷಗಟ್ಟಲೆ ಸ್ಥಿರ, ಮರದ ಬೆಲೆ ಮಾತ್ರ ಏರುತ್ತಲೇ ಹೋಯಿತು. ಮರದ ಬೆಲೆ ಏರಲು ಹಸಿರು ವಿದ್ಯುತ್ ಕಾನೂನೂ ಒಂದು ಕಾರಣ. ಅದೇ ಸಹಾಯಧನ ನಂಬಿ ದೇಶದ ಉದ್ದಗಲಕ್ಕೂ ಮರ ಸುಡುವ ವಿದ್ಯುತ್ ಸ್ಥಾವರಗಳು ಎದ್ದವು, ಎಲ್ಲವೂ ಅದೇ ಕಾಡುಗಳ ಮುಂದೆ ಕೈಯೊಡ್ಡಿ ನಿಂತವು. ಆ ಸ್ಥಾವರಗಳನ್ನು ಉಳಿಸಲು 2019ರಲ್ಲಿ ಇನ್ನೊಂದು ಕಾನೂನೇ ಬೇಕಾಯಿತು.

ಹಾಗಾದರೆ ಮಾರುಕಟ್ಟೆ ಬೆಳೆದದ್ದು ಎಲ್ಲಿ? ಅಪ್ಪರ್ ಆಸ್ಟ್ರಿಯಾ, ಸ್ಟೈರಿಯಾ ಪ್ರಾಂತ್ಯಗಳ ಹಳ್ಳಿಗಳಲ್ಲಿ. 1980ರ ದಶಕದಲ್ಲಿ ಮೊದಲು ಸಾಮಿಲ್ಲಿನವರು, ಬಳಿಕ ರೈತರ ಸಹಕಾರ ಸಂಘಗಳು ಕಟ್ಟಿದ ಬಾಯ್ಲರ್ ಮನೆಗಳಲ್ಲಿ. ಅವಕ್ಕೆ ಗೋಪುರವಿಲ್ಲ. ಕೊಟ್ಟಿಗೆಯಷ್ಟು ದೊಡ್ಡ ಕಟ್ಟಡ, ಮರದ ಚೂರಿನ ಗೋದಾಮು, ಒಂದು ಬಾಯ್ಲರ್, ನೆಲದಡಿ ಬಿಸಿನೀರಿನ ಕೊಳವೆ. ಆಸ್ಟ್ರಿಯಾದಲ್ಲಿ ಇಂದು ಇಂಥ ಶಾಖ ಸ್ಥಾವರಗಳು ಎರಡು ಸಾವಿರಕ್ಕೂ ಹೆಚ್ಚು. ಗ್ಯೂಸಿಂಗ್‌ನಲ್ಲೂ ಗ್ಯಾಸಿಫೈಯರಿಗೆ ಮುಂಚೆ, 1996ರಲ್ಲಿ, ಮರದ ಶಾಖದ ಜಾಲ ಬಂದಿತ್ತು. ಊರಿಗೆ ಪಾರ್ಕೆಟ್ (ಮರದ ನೆಲಹಾಸು) ಕಾರ್ಖಾನೆಗಳು ಬಂದದ್ದಕ್ಕೂ ಸಾರ್ವಜನಿಕ ಕಟ್ಟಡಗಳ ಖರ್ಚು ಇಳಿದದ್ದಕ್ಕೂ ಮುಖ್ಯ ಕಾರಣ ಈ ಶಾಖ ಮತ್ತು ಕಟ್ಟಡಗಳಲ್ಲಿ ಮಾಡಿದ ಉಳಿತಾಯ. ಬಸ್ಸಿನಲ್ಲಿ ಬಂದವರು ನೋಡಿ ಹೋದದ್ದು ಮಾತ್ರ ಗೋಪುರವನ್ನು.

ಬಾಯ್ಲರ್ ಮನೆಯವರ ಜಾಣತನ ಯಾವುದರಲ್ಲಿದೆ ಎಂದು ಕೇಳಿದರೆ ನಾನು ಒಂದೇ ವಿಷಯದ ಮೇಲೆ ಬೆರಳಿಡುತ್ತೇನೆ: ಸೌದೆಯನ್ನು ಯಾವ ಅಳತೆಯಲ್ಲಿ ಕೊಳ್ಳಬೇಕು ಎಂಬ ಪ್ರಶ್ನೆ. ಇದನ್ನು ಬಿಡಿಸಿ ನೋಡದೆ ಈ ಮಾರುಕಟ್ಟೆಯ ಒಂದು ಎಳೆಯೂ ಅರ್ಥವಾಗುವುದಿಲ್ಲ. ಇದರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಒಂದು ವಾಕ್ಯದಲ್ಲಿ ದಾಟಿಬಿಟ್ಟಿರುವುದರಿಂದ ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಅಂಥ ಒಂದು ಟನ್ ಹಸಿ ಮರದಲ್ಲಿ ಸಿಗುವ ಶಾಖ ಹತ್ತಿರ ಹತ್ತಿರ 2,200 ಯೂನಿಟ್ (ಕಿಲೋವ್ಯಾಟ್ ಗಂಟೆ). ಅದೇ ಮರವನ್ನು ನೀರಿನಂಶ ಕಾಲುಭಾಗಕ್ಕೆ ಇಳಿಯುವವರೆಗೆ ಒಂದು ಬೇಸಿಗೆ ಒಣಗಿಸಿದರೆ ತೂಕ 670 ಕಿಲೋದ ಆಸುಪಾಸಿಗೆ ಬರುತ್ತದೆ. ಶಾಖ ಮಾತ್ರ 2,450 ಯೂನಿಟ್‌ಗೆ ಏರುತ್ತದೆ, ಏಕೆಂದರೆ ನೀರನ್ನು ಹಬೆ ಮಾಡಿ ಚಿಮಣಿಯಿಂದ ಹೊರಗಟ್ಟುವ ಕೆಲಸ ಬೆಂಕಿಗೆ ಕಡಿಮೆಯಾಗುತ್ತದೆ. ಈಗ ರೈತನ ಕಡೆಯಿಂದ ನೋಡಿ. ತೂಕದ ಮೇಲೆ ದುಡ್ಡು ಕೊಡುವ ಕಡೆ ಅವನು ಒಣಗಿಸಿದರೆ ಆದಾಯದಲ್ಲಿ ಮೂರನೇ ಒಂದು ಭಾಗ ಕಳೆದುಕೊಳ್ಳುತ್ತಾನೆ. ಶಾಖದ ಮೇಲೆ ಕೊಡುವ ಕಡೆ ಒಣಗಿಸಿದ್ದಕ್ಕೆ ಹತ್ತಿರ ಹತ್ತಿರ ಶೇಕಡಾ ಹತ್ತು ಹೆಚ್ಚು ಗಳಿಸುತ್ತಾನೆ. ಅದೇ ಮರ, ಅದೇ ರೈತ. ತೂಕದ ಮಾರುಕಟ್ಟೆ ಅವನನ್ನು ಹಸಿ ಸೌದೆ ತರಲು ಪ್ರೇರೇಪಿಸುತ್ತದೆ, ಶಾಖದ ಮಾರುಕಟ್ಟೆ ಒಣಸೌದೆ ತರಲು. ಹಸಿ ಬಂದರೆ ಸಣ್ಣ ಬಾಯ್ಲರ್ ಹೊಗೆಯಾಡುತ್ತದೆ, ಕೊಳವೆ ಕಿಟ್ಟಗಟ್ಟುತ್ತದೆ, ಚಳಿಗಾಲದ ನಡುವೆ ಶಾಲೆಯ ಕೋಣೆ ತಣ್ಣಗಾಗುತ್ತದೆ. ಆಗ ಊರವರು ದೂರುವುದು ಅಳತೆಯನ್ನಲ್ಲ, ತಂತ್ರಜ್ಞಾನವನ್ನು.

ಗಾತ್ರದ ಮೇಲೆ ಕೊಂಡರೆ ಆಗದೇ ಎಂಬ ಪ್ರಶ್ನೆ ಸಹಜ. ಆಸ್ಟ್ರಿಯಾದಲ್ಲಿ ಸಡಿಲವಾಗಿ ಸುರಿದ ಚೂರಿನ ಘನ ಮೀಟರ್ ಈಗಲೂ ಚಾಲ್ತಿಯಲ್ಲಿದೆ. ಅಲ್ಲಿ ತೊಡಕು ಬೇರೆ. ಸ್ಪ್ರೂಸ್ ಹಗುರ, ಬೀಚ್ ಭಾರ. ಒಂದೇ ಗಾತ್ರದಲ್ಲಿ ಬೀಚ್ ಸ್ಪಷ್ಟವಾಗಿ ಹೆಚ್ಚು ಶಾಖ ಕೊಡುತ್ತದೆ. ಗಾತ್ರಕ್ಕೆ ಬೆಲೆ ಕಟ್ಟಿದರೆ ಹಗುರ ಮರದವನಿಗೆ ಲಾಭ, ಭಾರದ ಮರದವನಿಗೆ ನಷ್ಟ. ಚೂರು ಎಷ್ಟು ಒರಟು, ಲಾರಿ ಎಷ್ಟು ಕುಲುಕಿತು ಎಂಬುದೂ ಗಾತ್ರವನ್ನು ಬದಲಿಸುತ್ತದೆ. ಹೀಗಾಗಿ ಎಚ್ಚರಿಕೆಯ ಸಂಘಗಳು ತೂಕವನ್ನೂ ನೀರಿನಂಶವನ್ನೂ ಎರಡನ್ನೂ ಅಳೆದು ಶಾಖಕ್ಕೆ ಪರಿವರ್ತಿಸುತ್ತವೆ. ಬಾಯ್ಲರ್ ಮನೆಯಿಂದ ಹೊರಟ ಬಿಸಿನೀರಿನ ಮೀಟರ್ ನೋಡಿ ಸೌದೆಯ ದುಡ್ಡು ಹಂಚುವ ಪದ್ಧತಿಯೂ ಇದೆ. ಹರಿದ ನೀರೆಷ್ಟು, ಹೋಗುವ ನೀರಿಗೂ ಮರಳುವ ನೀರಿಗೂ ಉಷ್ಣಾಂಶದ ಅಂತರವೆಷ್ಟು ಎಂಬೆರಡನ್ನು ಗುಣಿಸಿದರೆ ಕೊಟ್ಟ ಶಾಖ ತಿಳಿಯುತ್ತದೆ. ಆಗ ಚೂರಿನ ಗುಣದ ಹೊಣೆಯ ಜೊತೆ ಬಾಯ್ಲರ್ ಸರಿಯಾಗಿ ಉರಿಸುವ ಹೊಣೆಯೂ ರೈತರ ಮೇಲೆಯೇ ಬೀಳುತ್ತದೆ. ಆ ಹೊಣೆಯನ್ನು ಅವರು ಮನಸ್ಸಿಟ್ಟು ಹೊತ್ತರು. ತುಂಡುಮರವನ್ನು ರಸ್ತೆ ಬದಿಯಲ್ಲಿ ಗಾಳಿಗೆ ಒಡ್ಡಿ ಒಂದು ಬೇಸಿಗೆ ಬಿಟ್ಟು, ಆಮೇಲೆ ಚೂರು ಮಾಡುವ ಶಿಸ್ತು ಬಂದದ್ದು ಇಲ್ಲಿಂದ. ಹಸಿ ಚೂರಿನ ರಾಶಿ ಒಳಗೊಳಗೇ ಬಿಸಿಯೇರಿ ಬೂಸ್ಟು ಹಿಡಿದು ತನ್ನ ಮರವನ್ನೇ ತಿನ್ನುತ್ತದೆ ಎಂಬುದು ಅವರಿಗೆ ನಷ್ಟದ ರೂಪದಲ್ಲಿ ಕಾಣುತ್ತಿತ್ತು.

ಇನ್ನೊಂದು ಹೆಜ್ಜೆ ಇದಕ್ಕಿಂತ ಮುಖ್ಯ. ರೈತರ ಗುಂಪು ಶಾಲೆಗೆ ಸೌದೆ ಮಾರುವುದಿಲ್ಲ, ಶಾಖ ಮಾರುತ್ತದೆ. ಬಾಯ್ಲರ್ ಅವರದು, ಬೂದಿ ತೆಗೆಯುವುದು ಅವರು, ರಾತ್ರಿ ಎಚ್ಚರಿಕೆಯ ಗಂಟೆ ಬಾರಿಸಿದರೆ ಓಡುವುದೂ ಅವರೇ. ಶಾಲೆ ದೀರ್ಘಾವಧಿಯ ಕರಾರು ಮಾಡಿಕೊಳ್ಳುತ್ತದೆ. ಸಂಪರ್ಕಕ್ಕೊಂದು ಶುಲ್ಕ, ಸಾಮರ್ಥ್ಯಕ್ಕೊಂದು ಬೆಲೆ, ಬಳಸಿದ ಶಾಖಕ್ಕೊಂದು ಬೆಲೆ. ಆ ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದು, ಹಾಗಾಗಿ ಮರದ ಬೆಲೆ ಏರಿದರೆ ಅದೂ ಏರುತ್ತದೆ. ಗ್ಯೂಸಿಂಗ್ ಗೋಪುರದ ಕರಾರಿನಲ್ಲಿ ಇಲ್ಲದಿದ್ದುದು ನಿಖರವಾಗಿ ಇದೇ. ಅದರ ಗಿರಾಕಿ ಕಾನೂನು, ಇವರ ಗಿರಾಕಿ ಪಕ್ಕದ ಬೀದಿಯ ಮುಖ್ಯೋಪಾಧ್ಯಾಯರು.

ಈ ಪದ್ಧತಿಯಲ್ಲಿ ದೋಷವಿಲ್ಲ ಎನ್ನುತ್ತಿಲ್ಲ. ಶಾಖ ಮಾರಾಟವಾಗಲಿ ಬಿಡಲಿ, ಕೊಳವೆ ಬಿಸಿ ಕಳೆದುಕೊಳ್ಳುತ್ತಲೇ ಇರುತ್ತದೆ. ಮನೆಗಳು ದೂರದೂರ ಇರುವ ಕಡೆ ಸಹಾಯಧನದ ಆಸೆಗೆ ಉದ್ದುದ್ದ ಕೊಳವೆ ಹೂಳಿದ ಸಂಘಗಳು, ಮೇಲಿಂದ ಮೇಲೆ ಸುರಕ್ಷತೆಯ ಅಂಚು ಸೇರಿಸಿ ಬೇಕಾದ್ದಕ್ಕಿಂತ ದೊಡ್ಡ ಬಾಯ್ಲರ್ ತಂದ ಎಂಜಿನಿಯರುಗಳು ಇದ್ದರು. ಕೊಳವೆಯ ಪ್ರತಿ ಮೀಟರ್ ಉದ್ದಕ್ಕೆ ವರ್ಷಕ್ಕೆ ಇಷ್ಟು ಶಾಖ ಮಾರಾಟವಾಗದಿದ್ದರೆ ಸಹಾಯಧನವಿಲ್ಲ ಎಂಬ ಗುಣಮಟ್ಟದ ನಿಯಮ ಬಂದ ಮೇಲೆಯೇ ಅದು ಹತೋಟಿಗೆ ಬಂದದ್ದು. ಮರದ ಪುಡಿಯನ್ನು ಒತ್ತಿ ಮಾಡುವ ಗುಳಿಗೆಗಳ, ಅಂದರೆ ಪೆಲೆಟ್‌ಗಳ ಕತೆ ಇನ್ನೂ ಕಠಿಣ ಪಾಠ. 2006ರಲ್ಲಿ ಪೆಲೆಟ್ ಬೆಲೆ ದಿಢೀರನೆ ಏರಿತು. ಮರುವರ್ಷ ಆಸ್ಟ್ರಿಯಾದಲ್ಲಿ ಪೆಲೆಟ್ ಬಾಯ್ಲರುಗಳ ಮಾರಾಟ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಬೆಲೆ ಇಳಿದ ಮೇಲೂ ಗಿರಾಕಿಯ ನಂಬಿಕೆ ತಕ್ಷಣ ಮರಳಲಿಲ್ಲ. ಗ್ರೀಸ್‌ಕಿರ್ಖೆನ್‌ನ ಫ್ರೋಲಿಂಗ್, ನೀಡರ್‌ಕಾಪೆಲ್‌ನ ಓಕೋಫೆನ್‌ನಂಥ ತಯಾರಕರು ಎಷ್ಟೇ ಒಳ್ಳೆಯ ಬಾಯ್ಲರ್ ಮಾಡಿದರೂ, ದಾಸ್ತಾನೂ ಗುಣಮಟ್ಟದ ಮುದ್ರೆಯೂ ಇಲ್ಲದೆ ಮಾರುಕಟ್ಟೆ ನಿಲ್ಲುವುದಿಲ್ಲ ಎಂದು ಆಗ ಸಾಬೀತಾಯಿತು.

ಈಗ ಟೀಕಾಕಾರರ ವಿಷಯ. 2018ರಲ್ಲಿ ಸುಮಾರು 800 ವಿಜ್ಞಾನಿಗಳು ಯುರೋಪಿನ ಸಂಸತ್ತಿಗೆ ಪತ್ರ ಬರೆದು, ಮರ ಸುಡುವುದನ್ನು ಇಂಗಾಲ ಮುಕ್ತವೆಂದು ಎಣಿಸಬೇಡಿ ಎಂದರು. ಅವರ ಮೂಲ ವಾದವನ್ನು ನಾನು ಒಪ್ಪುತ್ತೇನೆ. ಬೆಳೆದ ಮರವನ್ನು ಇಡಿಯಾಗಿ ಕಡಿದು ಸುಟ್ಟರೆ ಹೊರಬಿದ್ದ ಇಂಗಾಲವನ್ನು ಕಾಡು ಮರಳಿ ಹೀರಲು ದಶಕಗಳೇ ಬೇಕು, ಹವಾಮಾನ ಅಷ್ಟು ಕಾಯುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಕಾಡಿನ ಪೆಲೆಟ್ಟನ್ನು ಹಡಗಿಗೆ ತುಂಬಿ ಇಂಗ್ಲೆಂಡಿನ ಡ್ರಾಕ್ಸ್ ವಿದ್ಯುತ್ ಸ್ಥಾವರಕ್ಕೆ ಸಾಗಿಸಿ, ಅಲ್ಲಿ ಸುಟ್ಟು, ಶಾಖದ ಅರ್ಧಕ್ಕಿಂತ ಹೆಚ್ಚನ್ನು ಗಾಳಿಗೂ ನೀರಿಗೂ ಚೆಲ್ಲುವುದನ್ನು ಹಸಿರು ಎನ್ನುವುದು ಸುಳ್ಳು. ಆದರೆ ಈ ವಾದವನ್ನು ಎತ್ತಿಕೊಂಡ ಬರಹಗಾರರು ಡ್ರಾಕ್ಸನ್ನೂ ಸ್ಟೈರಿಯಾದ ಹಳ್ಳಿಯ ಬಾಯ್ಲರನ್ನೂ ಒಂದೇ ಚೀಲಕ್ಕೆ ತುಂಬಿದರಲ್ಲ, ಅದು ವಿಮರ್ಶೆಯಲ್ಲ. ಹಳ್ಳಿಯಲ್ಲಿ ಉರಿಯುವುದರಲ್ಲಿ ಹೆಚ್ಚಿನದು ತೋಪು ತೆಳುಮಾಡುವಾಗ ಕಡಿದ ಸಣ್ಣ ಮರ, ತೊಗಟೆ, ಸಾಮಿಲ್ಲಿನ ಉಳಿಕೆ. ಅದು ಬರುವುದು ಹತ್ತಿರದ ಕಾಡಿನಿಂದ. ಬಾಯ್ಲರಿನಲ್ಲಿ ಶಾಖದ ಶೇಕಡಾ ಎಂಬತ್ತಕ್ಕೂ ಹೆಚ್ಚು ಬಿಸಿನೀರಿಗೆ ಸೇರುತ್ತದೆ. ಒಂದರ ಪಾಪವನ್ನು ಇನ್ನೊಂದರ ತಲೆಗೆ ಕಟ್ಟುವುದು ಅನ್ಯಾಯ. ಅದರಿಂದ ಲಾಭವಾಗುವುದೂ ಡ್ರಾಕ್ಸ್‌ಗೇ, ಏಕೆಂದರೆ ಗೆರೆ ಅಳಿಸಿದ ಮೇಲೆ ದೊಡ್ಡವರು ಸಣ್ಣವರ ಹೆಸರಿನ ಹಿಂದೆ ಅಡಗಿಕೊಳ್ಳುತ್ತಾರೆ. ಇದೇ ಟೀಕಾಕಾರರು ಹೊಗೆಯ ಸೂಕ್ಷ್ಮಕಣಗಳ ಬಗ್ಗೆ ಇಷ್ಟೇ ಜೋರಾಗಿ ಬರೆದಿದ್ದರೆ ಅವರ ಮಾತಿಗೆ ತೂಕ ಹೆಚ್ಚಿರುತ್ತಿತ್ತು. ಹಳೆಯ ಸೌದೆ ಸ್ಟವ್‌ಗಳ ಹೊಗೆ ಆಲ್ಪ್ಸ್ ಕಣಿವೆಗಳ ಚಳಿಗಾಲದ ನಿಜವಾದ ಕೇಡು. ಅದಕ್ಕೆ ಮದ್ದು, ಹತ್ತಾರು ಮನೆಗಳ ಚಿಮಣಿ ಮುಚ್ಚಿ ಹೊಗೆ ಸೋಸುವ ಒಂದು ಬಾಯ್ಲರ್ ಇಡುವುದೇ.

ಈ ಜಗಳ ಕನ್ನಡದ ಓದುಗರಿಗೆ ಪರಕೀಯವಲ್ಲ. 1988ರಿಂದಾಚೆ ಭಾರತೀಯ ವಿಜ್ಞಾನ ಸಂಸ್ಥೆ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಮರದ ಗ್ಯಾಸಿಫೈಯರಿನಿಂದ ಊರಿಗೆ ದೀಪ, ನೀರು, ಹಿಟ್ಟಿನ ಗಿರಣಿ ಕೊಟ್ಟಿತು. ಬಳಿಕ ಅದೇ ಜಿಲ್ಲೆಯ ಕಬ್ಬಿಗೆರೆಯಲ್ಲಿ ಇನ್ನೂ ದೊಡ್ಡ ಸ್ಥಾವರದಿಂದ ಗ್ರಿಡ್‌ಗೆ ವಿದ್ಯುತ್ತು ಹೋಯಿತು. ಎರಡೂ ಪ್ರಾಮಾಣಿಕ, ಮುಖ್ಯ ಕೆಲಸಗಳು. ಆದರೆ ನಮ್ಮಲ್ಲೂ ಮೆಚ್ಚುಗೆಯ ಬಹುಪಾಲು ಸಂದದ್ದು ವಿದ್ಯುತ್ತಿಗೇ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು, ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆಗೂಡು ಬೇಯಿಸುವ ಒಲೆಗಳು, ಮಲೆನಾಡಿನ ಅಡಿಕೆ ಹಂಡೆಗಳು ವರ್ಷವರ್ಷವೂ ಉರಿಸುವ ಸೌದೆ ಈಗಾಗಲೇ ಒಂದು ದೊಡ್ಡ ಶಾಖದ ಮಾರುಕಟ್ಟೆ. ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆ ರೂಪಿಸಿದ ನಾಡು ಇದು, ಶಾಖದ ಬಗ್ಗೆ ನಮಗೆ ತಿಳಿವಳಿಕೆಯ ಕೊರತೆಯಿಲ್ಲ. ಆದರೂ ಅಲ್ಲಿ ಸೌದೆ ಮಾರಾಟವಾಗುವುದು ಟನ್ನಿನ, ಲೋಡಿನ ಲೆಕ್ಕದಲ್ಲಿ. ಹಸಿ ತಂದವನಿಗೇ ಲಾಭ. ನಷ್ಟ ಬ್ಯಾರನ್ ಮಾಲೀಕನಿಗೆ, ಒಲೆಯ ಮುಂದೆ ಹೊಗೆ ಕುಡಿಯುವ ಕೆಲಸಗಾರನಿಗೆ, ಬೇಕಾದ್ದಕ್ಕಿಂತ ಹೆಚ್ಚು ಕಡಿಯಲ್ಪಡುವ ತೋಪಿಗೆ.

ಆದ್ದರಿಂದ ಜೈವಿಕ ಇಂಧನದ ಮುಂದಿನ ಯೋಜನಾ ವರದಿ ಬರೆಯಲಿರುವ ಅಧಿಕಾರಿಗಳಲ್ಲಿ, ರೇಷ್ಮೆ ಮತ್ತು ತಂಬಾಕು ಬೆಳೆಗಾರರ ಸಂಘಗಳಲ್ಲಿ ನನ್ನ ಕೋರಿಕೆ ಇಷ್ಟೇ. ಗ್ಯೂಸಿಂಗ್‌ನ ಚಿತ್ರವನ್ನು ವರದಿಯ ಮುಖಪುಟದಿಂದ ತೆಗೆಯಿರಿ. ಮೊದಲ ವರ್ಷದ ಹಣದಲ್ಲಿ ಯಂತ್ರ ಕೊಳ್ಳಬೇಡಿ. ಸೌದೆ ಡಿಪೋಗಳಿಗೆ ತೇವಾಂಶದ ಮೀಟರ್ ಕೊಡಿ, ಒಣಗಿಸಲು ಮಾಡಿನ ನೆರಳು ಕೊಡಿ, ಒಣ ಸೌದೆಗೆ ಅದರ ಶಾಖಕ್ಕೆ ತಕ್ಕ ಬೆಲೆ ಗೊತ್ತುಮಾಡಿ.