ರಾಣಿಗೆ ಒಗ್ಗದ ಮುಖ

ಸ್ವೀಡನ್ನಿನ ಅಲೆಕ್ಸಾಂಡರ್ ರೋಸ್ಲಿನ್ ಬರೆದ ರಷ್ಯದ ಎರಡನೇ ಕ್ಯಾಥರೀನಳ ಭಾವಚಿತ್ರದ ಮಾತೆತ್ತಿದರೆ ಸಾಕು, ಎಲ್ಲರೂ ಒಂದೇ ಕಥೆ ಹೇಳುತ್ತಾರೆ: ಈತ ನನ್ನನ್ನು ಸ್ವೀಡನ್ನಿನ ಅಡುಗೆಯವಳಂತೆ ಮಾಡಿಟ್ಟಿದ್ದಾನೆ ಎಂದು ಸಾಮ್ರಾಜ್ಞಿ ಸಿಡುಕಿದಳಂತೆ. ಅದರ ಬೆನ್ನಿಗೇ ತೀರ್ಪೂ ಸಿದ್ಧ: ಬಟ್ಟೆ ಬರೆಯುವುದರಲ್ಲಿ ಗಟ್ಟಿಗ, ಮುಖದ ಮುಂದೆ ಸೋತವ. 1760ರ ದಶಕದಲ್ಲೇ ಫ್ರೆಂಚ್ ಲೇಖಕ, ಕಲಾವಿಮರ್ಶಕ ದಿದೆರೋ ಪ್ಯಾರಿಸ್ಸಿನಲ್ಲಿ ರೋಸ್ಲಿನನನ್ನು ಜಾಡಿಸಿದ್ದರಿಂದ ಈ ಮಾತಿಗೆ ದೊಡ್ಡವರ ಮೊಹರೂ ಬಿದ್ದಿದೆ. ನನಗೆ ಒಪ್ಪಿಗೆಯಿಲ್ಲ. ಬರೆಸಿಕೊಂಡವರ ಮುನಿಸೇ ವಿಮರ್ಶೆಯಾಗುವುದಾದರೆ ಒಳ್ಳೆಯ ಭಾವಚಿತ್ರಗಳಲ್ಲಿ ಎಷ್ಟೋ ಅಟ್ಟ ಸೇರಬೇಕಾಗುತ್ತದೆ.

ಚಿತ್ರ 1776–77ರದು; ಈಗ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಮೊದಲು ಬಟ್ಟೆಯನ್ನೇ ನೋಡೋಣ. ಬೆಳ್ಳಿಹೊಳಪಿನ ಸ್ಯಾಟಿನ್, ಅರ್ಮಿನ್ ತುಪ್ಪಳದ ಹೊದಿಕೆ, ಎದೆಗಡ್ಡ ನೀಲಿ ಪಟ್ಟಿ, ಪಕ್ಕದಲ್ಲಿ ಕಿರೀಟ. ಇದೆಲ್ಲ ದರ್ಜಿಯ ಜಂಬವಲ್ಲ. ಕ್ಯಾಥರೀನ್ ಜರ್ಮನ್ ಮನೆತನದ ಹೆಣ್ಣು. 1762ರಲ್ಲಿ ಗಂಡ ಮೂರನೇ ಪೀಟರನನ್ನು ಇಳಿಸಿ ಪಟ್ಟವೇರಿದವಳು. ಆ ಗಂಡನೇ ತಾನೆಂದು ಹೇಳಿಕೊಂಡು ದಂಗೆಯೆದ್ದ ಪುಗಚೋವ್‌ನ ತಲೆ ಉರುಳಿದ್ದು 1775ರಲ್ಲಿ. ರೋಸ್ಲಿನ್ ಪೀಟರ್ಸ್‌ಬರ್ಗಿಗೆ ಬಂದದ್ದೂ ಅದೇ ವರ್ಷ. ರಕ್ತದಿಂದ ಬಾರದ ಹಕ್ಕನ್ನು ಬೇರೆಲ್ಲಿಂದಲೋ ತೋರಿಸಬೇಕಿತ್ತು. ಹಾಗಾಗಿಯೇ ಅವಳ ರಾಜದಂಡ ಹಿಂದಿನ ಚಕ್ರವರ್ತಿ ಮಹಾ ಪೀಟರನ ಎದೆಪ್ರತಿಮೆಯತ್ತ ಚಾಚಿದೆ. ಅವನು ತೊಡಗಿದ್ದನ್ನು ಇವಳು ಮುಗಿಸುತ್ತಾಳೆ ಎಂಬ ಬರಹವೂ ಅಲ್ಲಿದೆ. ಇಲ್ಲಿ ಬಟ್ಟೆ, ಒಡವೆ, ಪ್ರತಿಮೆ ಎಲ್ಲ ಸೇರಿ ವಕಾಲತ್ತು ಮಾಡುತ್ತಿವೆ. ಚಿತ್ರಕಾರನೂ ಹೊರಗಿನವ, ಪಟ್ಟದಲ್ಲಿದ್ದವಳೂ ಹೊರಗಿನವಳೇ, ಅದನ್ನು ಮರೆಯಬಾರದು.

ಇಷ್ಟೆಲ್ಲದರ ನಡುವೆ ಮುಖ ಮಾತ್ರ ವಾದಕ್ಕಿಳಿಯುವುದಿಲ್ಲ. ತುಂಬಿದ ಕೆನ್ನೆ, ದಪ್ಪಗಾದ ಗಲ್ಲ, ಬಿಗಿದ ತುಟಿಯಲ್ಲಿ ಅಳೆದು ಬಿಟ್ಟಷ್ಟೇ ನಗು. ನಲವತ್ತೇಳರ ಆಸುಪಾಸಿನ, ದಿನವೂ ಕಾಗದಪತ್ರ ನೋಡುವ ಹೆಂಗಸು. ಬಟ್ಟೆ ಪದವಿಯದು, ಮುಖ ಅದನ್ನು ಹೊತ್ತವಳದು. ಎರಡಕ್ಕೂ ಹೊಂದಿಕೆಯಿಲ್ಲ ಎಂದು ದೂರುವವರು ಆ ಹೊಂದದಿರುವಿಕೆಯಲ್ಲೇ ಚಿತ್ರದ ಕಸುವಿದೆ ಎಂಬುದನ್ನು ನೋಡಿಲ್ಲ.

ಬಟ್ಟೆ, ಮುಖಗಳ ಈ ಅಂತರ ಅರಮನೆಗೆ ತಿಳಿದಿತ್ತು ಅಂತ ಕಾಣುತ್ತದೆ. ರೋಸ್ಲಿನನ ವಿನ್ಯಾಸವನ್ನು ಬಿಸಾಡಲಿಲ್ಲ. ಪ್ರತಿಗಳ ಮೇಲೆ ಪ್ರತಿಗಳಾದವು. ಕೆಲವುಗಳಲ್ಲಿ ಮೈಯೆಲ್ಲ ರೋಸ್ಲಿನನದು, ಮುಖ ಮಾತ್ರ ರಷ್ಯನ್ ಚಿತ್ರಕಾರ ಫ್ಯೋದೊರ್ ರೊಕೊಟೊವ್ ಬರೆದ ಬಗೆಯದು. ರೊಕೊಟೊವ್ ಸಣ್ಣ ಕಲಾವಿದನಲ್ಲ. ಆದರೆ ಈ ಬೆಸುಗೆಯಲ್ಲಿ ಮುಖವೂ ನುಣ್ಣಗಾಗಿ ಸ್ಯಾಟಿನ್ನಿನ ಜೊತೆ ಸೇರಿಹೋಗುತ್ತದೆ. ಅಷ್ಟು ದೊಡ್ಡ ಉಡುಪಿನೊಳಗೆ ಯಾರೂ ಇಲ್ಲವೇನೋ ಅನ್ನಿಸುತ್ತದೆ.