‘ಮೋಡ ಬಿತ್ತನೆ’ ಎಂಬ ಮಾತು

ವಿಜ್ಞಾನದಿಂದ ಕನ್ನಡಕ್ಕೆ ಬಂದ ಮಾತುಗಳಲ್ಲಿ ‘ಮೋಡ ಬಿತ್ತನೆ’ಯಷ್ಟು ಬೇಗ ಜನರ ಬಾಯಿಗೆ ಹತ್ತಿದ್ದು ವಿರಳ. 2003ರ ‘ವರುಣ’, 2017ರ ‘ವರ್ಷಧಾರಿ’ ಯೋಜನೆಗಳ ಕಾಲದಲ್ಲಿ ಪತ್ರಿಕೆಗಳು ಇದನ್ನು ಧಾರಾಳವಾಗಿ ಬಳಸಿದವು. ಮಾತು ಸೊಗಸಾಗಿದೆ, ಸಂದೇಹವಿಲ್ಲ. ಬಳಸಿದವರು ಅದರ ಅರ್ಥವನ್ನು ಪೂರ್ತಿಯಾಗಿ ದುಡಿಸಿಕೊಂಡರೆ? ಇಲ್ಲವೆಂದೇ ನಮ್ಮ ಅಭಿಪ್ರಾಯ.

ತೋರಣಗಲ್ಲಿನ ಸುತ್ತಿನ ರೈತನಿಗೆ ಬಿತ್ತನೆಯೆಂದರೆ ಮೊದಲು ಹದ, ಆಮೇಲೆ ಕೂರಿಗೆ. ಒಣಗಿದ ಹೊಲಕ್ಕೆ ಜೋಳ ಚೆಲ್ಲಿ ಅವನು ಪೈರಿಗೆ ಕಾಯುವುದಿಲ್ಲ. ಬರಿ ಬಾನಿಗೆ ಬೆಳ್ಳಿಯ ಲವಣ ಎರಚಿದರೆ ಮಳೆ ಬಂದೀತೆಂಬಂತೆ ಬರೆದವರು ಈ ಹದವನ್ನೇ ಮರೆತರು.

ಮೋಡದ ಹದ ಯಾವುದೆಂಬುದು ಪ್ರಯೋಗಶಾಲೆಯಲ್ಲಿ ಗೊತ್ತಾಯಿತು. 1936ರಲ್ಲಿ ಜಪಾನಿನ ನಾಕಾಯ ಉಕಿಚಿರೊ ಅವರು ಹೊಕ್ಕೈಡೊ ವಿಶ್ವವಿದ್ಯಾಲಯದ ಶೀತಲ ಕೋಣೆಯಲ್ಲಿ, ಮೊಲದ ಕೂದಲೆಳೆಯ ಮೇಲೆ, ಹಿಮದ ಹರಳನ್ನು ಬೆಳೆಸಿದರು. ಶೈತ್ಯ, ತೇವಗಳು ಬದಲಾದಂತೆ ಅದು ಸೂಜಿಯಾಗುತ್ತದೆ, ಬಿಲ್ಲೆಯಾಗುತ್ತದೆ, ಆರು ಕವಲಿನ ನಕ್ಷತ್ರವಾಗುತ್ತದೆ. 1946ರ ಜುಲೈ ತಿಂಗಳಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ಶೀತಪೆಟ್ಟಿಗೆಯೊಳಗೆ ಉಸಿರು ಬಿಟ್ಟು ಮೋಡ ಮಾಡಿದರು. ಉಷ್ಣಮಾನ ಶೂನ್ಯಕ್ಕಿಂತ ಕೆಳಗಿದ್ದರೂ ಹನಿಗಳು ನೀರಾಗಿಯೇ ಉಳಿದವು! ಇನ್ನಷ್ಟು ತಣಿಸಲೆಂದು ಒಣ ಮಂಜುಗಡ್ಡೆ ಹಾಕಿದೊಡನೆ ಲೆಕ್ಕವಿಲ್ಲದಷ್ಟು ಹರಳುಗಳು ಮಿನುಗಿದವು. ಹರಳಿನ ಕಟ್ಟಡದಲ್ಲಿ ಮಂಜುಗಡ್ಡೆಯನ್ನು ಹೋಲುವ ಸಿಲ್ವರ್ ಅಯೊಡೈಡ್ ಕೂಡ ಇದೇ ಕೆಲಸ ಮಾಡೀತೆಂದು ಅದೇ ವರ್ಷ ಕಂಡುಕೊಂಡವರು ಬರ್ನಾರ್ಡ್ ವಾನೆಗಟ್. (ಇವರ ತಮ್ಮನೇ ಕಾದಂಬರಿಕಾರ ಕರ್ಟ್ ವಾನೆಗಟ್, ‘ಕ್ಯಾಟ್ಸ್ ಕ್ರೇಡಲ್’ನಲ್ಲಿ ಸಮುದ್ರವನ್ನೇ ಹೆಪ್ಪುಗಟ್ಟಿಸುವ ಹರಳನ್ನು ಕಲ್ಪಿಸಿದವರು.) ಹರಳು ಸುತ್ತಲಿನ ಹನಿಗಳ ಆವಿಯನ್ನು ಹೀರಿ ಬೆಳೆಯುತ್ತದೆ, ಭಾರವಾಗಿ ಇಳಿಯುತ್ತ ಕರಗಿ ಮಳೆಯಾಗುತ್ತದೆ. ಶೂನ್ಯಕ್ಕೂ ಕೆಳಗೆ ನೀರಾಗಿಯೇ ನಿಂತಿರುವ ಮೋಡ: ಅದೇ ಹದ. ನಮ್ಮ ಮುಂಗಾರಿನಲ್ಲಿ ಆ ಮಟ್ಟ ಸುಮಾರು 5 ಕಿಲೋಮೀಟರು ಮೇಲಿದೆ. ಅಷ್ಟು ಏರದ ಮೋಡಕ್ಕೆ ಬೀಜವೇ ಬೇರೆ. ನೀರು ಹೀರುವ ಉಪ್ಪು.

ಹೀಗೆ ನೋಡಿದರೆ ಮಾತಿನಲ್ಲಿ ತಪ್ಪಿಲ್ಲ. ಬಳಸಿದವರಿಗೆ ಒಕ್ಕಲುತನ ತಿಳಿಯದು, ಅಷ್ಟೆ. ಒಂದು ಕಡೆ ಮಾತ್ರ ರೂಪಕ ಸೋಲುತ್ತದೆ. ಹೊಲದಲ್ಲಿ ನಿಂತ ಜೋಳ ತಾನು ಬಿತ್ತಿದ್ದೇ ಎಂದು ರೈತನಿಗೆ ಗೊತ್ತು. ವಿಮಾನ ಹೋದ ಮೇಲೆ ಸಂಡೂರಿನ ಗುಡ್ಡದ ಮೇಲೆ ಮಳೆ ಬಿದ್ದರೆ, ಅದು ತಾನಾಗಿ ಬರಲಿದ್ದುದೋ, ತರಿಸಿದ್ದೋ? ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಇದಕ್ಕಾಗಿಯೇ 2018–19ರಲ್ಲಿ ಸೋಲಾಪುರದ ಬಾನಿನಲ್ಲಿ ಕೆಲವು ಮೋಡಗಳಿಗೆ ಉಪ್ಪು ಬಿತ್ತಿ, ಕೆಲವನ್ನು ಬಿತ್ತದೆ ಬಿಟ್ಟು, ಎರಡನ್ನೂ ಹೋಲಿಸಿದರು. ಗಾಳಿ ಬೀಸುವ ದಿಕ್ಕಿನ ಸೀಮಿತ ಪ್ರದೇಶದಲ್ಲಿ ಮಳೆ ಶೇಕಡ 18ರಷ್ಟು ಹೆಚ್ಚಿತೆಂಬುದು ಅವರ ವರದಿ. ದಿನಪತ್ರಿಕೆಯ ಸುದ್ದಿಯಲ್ಲಿ ಆ ಬಿತ್ತದ ಮೋಡ ಕಾಣಿಸುವುದು ಅಪರೂಪ.