ವಿಮರ್ಶಕನ ಸತ್ಯವ್ರತ

ಇತಿಹಾಸ ಪತ್ರಿಕೆಗಳ ಗ್ರಂಥವಿಮರ್ಶೆಯಲ್ಲಿ ಎರಡು ದೋಷಗಳು ಕಾಣುವುದುಂಟು: ಪರಿವಿಡಿಯನ್ನೇ ಒಪ್ಪಿಸಿ ಹೊಗಳುವುದು, ಅಚ್ಚಿನ ತಪ್ಪುಗಳನ್ನೆಣಿಸಿ ತೆಗಳುವುದು. ಎರಡರಲ್ಲಿಯೂ ಆಧಾರಗಳ ಪರೀಕ್ಷೆಯಿಲ್ಲ.

ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತು 1957ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ಇಂಗ್ಲಿಷ್ ಗ್ರಂಥದಲ್ಲಿ ಪಿ.ಬಿ. ದೇಸಾಯಿಯವರು ಕಲಬುರಗಿ ಸೀಮೆಯ ಜೈನಶಾಸನಗಳ ಪಾಠಗಳನ್ನೂ ಮುದ್ರಿಸಿದರು. ಹೀಗೆ ಆಧಾರವನ್ನೇ ಮುಂದಿಟ್ಟವರು ಪರೀಕ್ಷೆಗೆ ಅಂಜಿದವರಲ್ಲ. ವಿಮರ್ಶಕನೂ ಶಾಸನಪಾಠವನ್ನು ಲೇಖಕನ ನಿರ್ಣಯದೊಡನೆ ತಾಳೆನೋಡಬೇಕು.

ಮಳಖೇಡದ ಬಸದಿಯ ಕಾಲವನ್ನು ಗ್ರಂಥವೊಂದು ತಪ್ಪಾಗಿ ನಿರ್ಣಯಿಸಿದರೆ, ಆ ತಪ್ಪು ಟ್ರಸ್ಟುಗಳ ಸ್ಮರಣಸಂಚಿಕೆಗೂ ಶಿಲಾಫಲಕಕ್ಕೂ ಇಳಿಯುತ್ತದೆ. ಕೋಟನೂರಿನ ಮನೆಯಲ್ಲಿ ಕುಳಿತು ಅದನ್ನೋದುವ ಬಾಲಕನಿಗೆ ಮೂಲವನ್ನು ನೋಡುವ ಅನುಕೂಲವಿಲ್ಲ; ಅವನ ಪರವಾಗಿ ನೋಡಬೇಕಾದವನು ವಿಮರ್ಶಕನೇ.

ಅನೇಕಾಂತವೆಂದರೆ ಎಲ್ಲಕ್ಕೂ ತಲೆದೂಗುವುದಲ್ಲ. ಯಾವುದು ಯಾವ ದೃಷ್ಟಿಯಿಂದ ಎಷ್ಟು ನಿಜವೆಂದು ಅಳೆಯುವುದು. ಸ್ವಧರ್ಮದ ಹಿರಿಮೆಯನ್ನು ಸಾರುವ ಗ್ರಂಥವನ್ನೂ ಅದೇ ಒರೆಗಲ್ಲಿಗೆ ಹಚ್ಚಿದಾಗಲೇ ವಿಮರ್ಶೆ ಸತ್ಯವ್ರತವಾದೀತು.